ಸಬ್‌ವೂಫರ್ ಅಂಕಿಗಳಿಂದ ಪೆಟ್ಟಿಗೆಯ ಲೆಕ್ಕಕ್ಕೆ: ವಿಎಎಸ್ ಮತ್ತು ಒಂದು ಅಡ್ಡದಾರಿ

ಸಬ್‌ವೂಫರ್ ಜೊತೆ ಬರುವ ಹಾಳೆಯಲ್ಲಿ ಅಂಕಿಗಳ ದೊಡ್ಡ ಪಟ್ಟಿಯೇ ಇರುತ್ತದೆ. ಪೆಟ್ಟಿಗೆ ಪೂರ್ತಿ ಮುಚ್ಚಿರಬೇಕೇ, ಪೋರ್ಟ್ (ಗಾಳಿ ಓಡಾಡುವ ಕೊಳವೆ) ಬೇಕೇ, ಒಳಗೆ ಎಷ್ಟು ಲೀಟರ್ ಜಾಗವಿರಬೇಕು ಎಂದು ತೀರ್ಮಾನಿಸಲು ಮೊದಲಿಗೆ ಅವುಗಳಲ್ಲಿ ಮೂರು ಸಾಕು: ಎಫ್‌ಎಸ್, ಕ್ಯೂಟಿಎಸ್, ವಿಎಎಸ್. ವ್ಯಾಟ್ ಲೆಕ್ಕದಿಂದ ಪೆಟ್ಟಿಗೆಯ ಗಾತ್ರ ಸಿಗುವುದಿಲ್ಲ. ಸ್ಪೀಕರ್ ಸತತವಾಗಿ ತಾಳಿಕೊಳ್ಳುವ ಆರ್‌ಎಂಎಸ್ ವ್ಯಾಟ್ ಆಂಪ್ಲಿಫೈಯರ್ ಆರಿಸಲು ಬೇಕು. ರಟ್ಟಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಮೆರೆಯುವ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವ್ಯಾಟ್) ಅಂಕಿ ಯಾವುದಕ್ಕೂ ಬೇಡ.

ಈ ಮೂರೂ ಥೀಲ್-ಸ್ಮಾಲ್ ಪ್ಯಾರಾಮೀಟರ್‌ಗಳ ಗುಂಪಿಗೆ ಸೇರಿದವು. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಪೋರ್ಟ್ ಪೆಟ್ಟಿಗೆಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಆ ಕೆಲಸವನ್ನು ವಿಸ್ತರಿಸಿದರು. ಅಲ್ಲಿಂದೀಚೆಗೆ, ಡ್ರೈವರ್ (ಪೆಟ್ಟಿಗೆಯಿಲ್ಲದ ಬರೀ ಸ್ಪೀಕರ್) ಕೈಗೆ ಬರುವ ಮೊದಲೇ ಅದರ ಪೆಟ್ಟಿಗೆಯನ್ನು ಕಾಗದದ ಮೇಲೆ ಲೆಕ್ಕ ಹಾಕುವುದು ಸಾಧ್ಯವಾಯಿತು.

ಎಫ್‌ಎಸ್ ಎಂದರೆ ಪೆಟ್ಟಿಗೆಯಿಲ್ಲದೆ ಬಯಲಲ್ಲಿರುವ ಡ್ರೈವರ್‌ನ ಸಹಜ ಅನುರಣನ ಆವೃತ್ತಿ. ಆ ಆವೃತ್ತಿಯಲ್ಲಿ ಕೋನ್‌ನ ಅಲುಗಾಟಕ್ಕೆ ಎಷ್ಟು ಕಡಿವಾಣವಿದೆ ಎಂಬುದನ್ನು ಕ್ಯೂಟಿಎಸ್ ಹೇಳುತ್ತದೆ. ಅಂಕಿ ಸಣ್ಣದಾದಷ್ಟೂ ಕಡಿವಾಣ ಬಿಗಿ. ಇದರಲ್ಲಿ ಅಯಸ್ಕಾಂತ ಮತ್ತು ಕೋನನ್ನು ಅಲುಗಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲ್‌ನ ಪಾಲು ಕ್ಯೂಇಎಸ್, ಕೋನನ್ನು ಹಿಡಿದಿಡುವ ಸ್ಪೈಡರ್ ಮತ್ತು ಸರೌಂಡ್‌ನ (ಎರಡೂ ಸೇರಿ ಸಸ್ಪೆನ್ಷನ್) ಘರ್ಷಣೆಯ ಪಾಲು ಕ್ಯೂಎಂಎಸ್. ಎರಡರ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಕ್ಯೂಟಿಎಸ್ ಸಿಗುತ್ತದೆ. ಇಷ್ಟರವರೆಗೆ ತೊಡಕಿಲ್ಲ.

ವಿಎಎಸ್ ಎಂಬ ಕಗ್ಗಂಟು

ವಿಎಎಸ್ ಅಂಕಿಯನ್ನು ಲೀಟರ್‌ನಲ್ಲಿ ಕೊಟ್ಟಿರುತ್ತಾರೆ, ಕೆಲವು ಕಂಪನಿಗಳು ಘನ ಅಡಿಯಲ್ಲಿ ಕೊಡುತ್ತವೆ (ಒಂದು ಘನ ಅಡಿ ಸುಮಾರು 28.3 ಲೀಟರ್). ಲೀಟರ್ ಕಂಡ ಕೂಡಲೇ ಅದೇ ಪೆಟ್ಟಿಗೆಯ ಗಾತ್ರ ಎಂದು ಮನಸ್ಸು ನಿರ್ಧರಿಸಿಬಿಡುತ್ತದೆ. ಅದು ಪೆಟ್ಟಿಗೆಯ ಗಾತ್ರವಲ್ಲ. ಸಸ್ಪೆನ್ಷನ್ ಎಷ್ಟು ಬಿಗಿ ಎಂಬುದರ ಅಳತೆ. ಬಿಗಿತವನ್ನು ಲೀಟರ್‌ನಲ್ಲಿ ಅಳೆಯುವುದು ಹೇಗೆ ಎಂಬಲ್ಲೇ ನಾನು ಬಹಳ ಹೊತ್ತು ನಿಂತೆ. ಆದ್ದರಿಂದ ಇದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ.

ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿದರೆ ಅದು ಸ್ಪ್ರಿಂಗ್‌ನಂತೆ ಹಿಂದಕ್ಕೆ ತಳ್ಳುತ್ತದೆ. ಸಿಕ್ಕಿಬಿದ್ದ ಗಾಳಿ ಕಡಿಮೆಯಿದ್ದಷ್ಟೂ ಆ ಸ್ಪ್ರಿಂಗ್ ಬಿಗಿ. ಮುಚ್ಚಿದ ಪೆಟ್ಟಿಗೆಯಲ್ಲಿ ಕೋನ್‌ನ ಹಿಂದಿರುವ ಗಾಳಿಯೂ ಇದೇ ಕೆಲಸ ಮಾಡುತ್ತದೆ. ಕೋನ್‌ಗೆ ಸ್ಪೈಡರ್ ಮತ್ತು ಸರೌಂಡ್ ಸೇರಿ ಆಗುವ ತನ್ನದೇ ಸ್ಪ್ರಿಂಗ್ ಬೇರೆ ಇದೆ. ಈಗ ಪ್ರಶ್ನೆ: ಗಾಳಿಯ ಸ್ಪ್ರಿಂಗ್ ಮತ್ತು ಡ್ರೈವರ್‌ನ ಸ್ಪ್ರಿಂಗ್ ಸರಿಸಮ ಬಿಗಿಯಾಗಬೇಕಾದರೆ ಎಷ್ಟು ಲೀಟರ್ ಗಾಳಿ ಬೇಕು? ಆ ಲೀಟರ್ ಅಂಕಿಯೇ ವಿಎಎಸ್.

ಹಾಗಾಗಿ ವಿಎಎಸ್‌ನಷ್ಟೇ ದೊಡ್ಡ ಪೆಟ್ಟಿಗೆಯಲ್ಲಿ ಕೂರಿಸಿದರೆ ಒಟ್ಟು ಬಿಗಿತ ಎರಡು ಪಟ್ಟು: ಡ್ರೈವರ್‌ನದು ಒಂದು, ಗಾಳಿಯದು ಒಂದು. ಪೆಟ್ಟಿಗೆ ಅದರ ಅರ್ಧವಾದರೆ ಗಾಳಿಯ ಬಿಗಿತ ಎರಡು, ಒಟ್ಟು ಮೂರು. ಸಾಮಾನ್ಯ ರೂಪದಲ್ಲಿ, ಪೆಟ್ಟಿಗೆಯ ಗಾತ್ರ ವಿಬಿ ಆದರೆ,

ಒಟ್ಟು ಬಿಗಿತ = 1 + (ವಿಎಎಸ್ ÷ ವಿಬಿ)

ಅನುರಣನ ಆವೃತ್ತಿ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಸ್ಪ್ರಿಂಗಿಗೆ ತೂಕ ಕಟ್ಟಿ ತೂಗಾಡಿಸುವ ಪಿಯುಸಿ ಪ್ರಯೋಗದ ಸೂತ್ರವೇ ಇದು. ಕಡಿವಾಣ ಹಾಕುವ ಅಯಸ್ಕಾಂತ ಬದಲಾಗಿಲ್ಲ, ಕೋನ್‌ನ ತೂಕವೂ ಬದಲಾಗಿಲ್ಲ, ಬಿಗಿತ ಮಾತ್ರ ಹೆಚ್ಚಿದೆ. ಆದ್ದರಿಂದ ಕ್ಯೂ ಕೂಡ ಅಷ್ಟೇ ಪಟ್ಟು ಏರುತ್ತದೆ. ಪೆಟ್ಟಿಗೆಯೊಳಗಿನ ಹೊಸ ಆವೃತ್ತಿ ಎಫ್‌ಸಿ, ಹೊಸ ಕ್ಯೂ ಕ್ಯೂಟಿಸಿ:

ಎಫ್‌ಸಿ = ಎಫ್‌ಎಸ್ × √(1 + ವಿಎಎಸ್ ÷ ವಿಬಿ)
ಕ್ಯೂಟಿಸಿ = ಕ್ಯೂಟಿಎಸ್ × √(1 + ವಿಎಎಸ್ ÷ ವಿಬಿ)

ಲೆಕ್ಕಕ್ಕೆಂದು ಒಂದು 12 ಇಂಚಿನ ಡ್ರೈವರ್ ಕಲ್ಪಿಸಿಕೊಳ್ಳೋಣ. ಎಫ್‌ಎಸ್ 28 ಹರ್ಟ್ಜ್, ಕ್ಯೂಇಎಸ್ 0.5, ಕ್ಯೂಟಿಎಸ್ 0.45, ವಿಎಎಸ್ 80 ಲೀಟರ್. ಕ್ಯೂಟಿಸಿ 0.707 ಆದರೆ ಉಬ್ಬಿಲ್ಲದೆ ಸಮವಾಗಿ ಸಾಗಿ ಆಮೇಲೆ ಇಳಿಯುವ ಧ್ವನಿ ಸಿಗುತ್ತದೆ. 0.707 ÷ 0.45 = 1.571, ಇದರ ವರ್ಗ 2.468, ಒಂದನ್ನು ಕಳೆದರೆ 1.468. ಹಾಗಾಗಿ ಪೆಟ್ಟಿಗೆ 80 ÷ 1.468, ಅಂದರೆ ಸುಮಾರು 54.5 ಲೀಟರ್. ಎಫ್‌ಸಿ 28 × 1.571, ಅಂದರೆ 44 ಹರ್ಟ್ಜ್. ಕ್ಯೂಟಿಸಿ 0.707 ಇದ್ದಾಗ ಮಟ್ಟ 3 ಡೆಸಿಬಲ್ ಇಳಿಯುವ ಬಿಂದು, ಅಂದರೆ ಎಫ್ 3, ಎಫ್‌ಸಿಯಲ್ಲೇ ಬರುತ್ತದೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್ ಆಸುಪಾಸಿನದು. ಅದರ ಹತ್ತಿರಕ್ಕೆ ಬಂದೆವು.

ಅದೇ ಡ್ರೈವರನ್ನು ಕಾರಿನ ಡಿಕ್ಕಿಗೆ ಹೊಂದಲೆಂದು 30 ಲೀಟರ್‌ಗೆ ತುರುಕಿದರೆ? ಕ್ಯೂಟಿಸಿ 0.86, ಎಫ್‌ಸಿ 54 ಹರ್ಟ್ಜ್‌ಗೆ ಏರುತ್ತದೆ. ಬಾಸ್ ಹತ್ತು ಹರ್ಟ್ಜ್ ಕಳೆದುಹೋಯಿತು ಎಂದು ಗಾಬರಿಯಾಗಬೇಕಾಗಿಲ್ಲ. ಕ್ಯೂ 0.707 ದಾಟಿದ ಮೇಲೆ ಎಫ್‌ಸಿ ಮತ್ತು ಎಫ್ 3 ಒಂದೇ ಅಲ್ಲ. ಇಲ್ಲಿ ಎಫ್ 3 ಬರುವುದು 46 ಹರ್ಟ್ಜ್ ಸುಮಾರಿಗೆ. ಅದರ ಮೇಲೆ ಅರ್ಧ ಡೆಸಿಬಲ್‌ನ ಸಣ್ಣ ಉಬ್ಬು. ನಿಜವಾದ ನಷ್ಟ ಇನ್ನೂ ಕೆಳಗಿದೆ: 25 ಹರ್ಟ್ಜ್‌ನಲ್ಲಿ ದೊಡ್ಡ ಪೆಟ್ಟಿಗೆಗಿಂತ ಸುಮಾರು ಎರಡೂವರೆ ಡೆಸಿಬಲ್ ಕಡಿಮೆ. ಮುಚ್ಚಿದ ಕಾರಿನೊಳಗೆ ಕೆಳ ಆವೃತ್ತಿಗಳಲ್ಲಿ ಒತ್ತಡ ತಾನಾಗಿಯೇ ಏರುವುದರಿಂದ ಈ ಕೊರತೆಯ ಒಂದಷ್ಟು ಭಾಗ ತುಂಬಿಕೊಳ್ಳುತ್ತದೆ. ಕಾರುಗಳಲ್ಲಿ ಮುಚ್ಚಿದ ಸಣ್ಣ ಪೆಟ್ಟಿಗೆ ಒಗ್ಗುವುದಕ್ಕೆ ಇದೂ ಒಂದು ಕಾರಣ.

ನನಗೆ ತುಂಬಾ ಇಷ್ಟವಾದ ಅಡ್ಡದಾರಿ

ಮೇಲಿನ ಎರಡು ಸೂತ್ರಗಳನ್ನು ಮತ್ತೆ ನೋಡಿ. ಎರಡರಲ್ಲೂ ವರ್ಗಮೂಲದ ಭಾಗ ಒಂದೇ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಅದು ಅಳಿಸಿಹೋಗುತ್ತದೆ:

ಎಫ್‌ಸಿ ÷ ಕ್ಯೂಟಿಸಿ = ಎಫ್‌ಎಸ್ ÷ ಕ್ಯೂಟಿಎಸ್

ಪೆಟ್ಟಿಗೆ 20 ಲೀಟರ್ ಇರಲಿ, 200 ಇರಲಿ, ಈ ಭಾಗಲಬ್ಧ ಕದಲುವುದಿಲ್ಲ. ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲಿ ಎಫ್‌ಎಸ್ ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ 0.7ರಿಂದ ಗುಣಿಸಿದರೆ, ಮುಚ್ಚಿದ ಪೆಟ್ಟಿಗೆಯಲ್ಲಿ ಈ ಡ್ರೈವರ್ ಸಮತಟ್ಟಾಗಿ ಎಷ್ಟು ಕೆಳಗಿಳಿಯುತ್ತದೆ ಎಂಬುದು ವಿಎಎಸ್ ನೋಡದೆಯೇ ತಿಳಿಯುತ್ತದೆ. ನಮ್ಮ ಡ್ರೈವರ್‌ಗೆ 28 ÷ 0.45 = 62; ಅದರ 0.7 ಪಾಲು 44.

ಈಗ ಇನ್ನೊಂದು ಡ್ರೈವರ್: ಎಫ್‌ಎಸ್ 30, ಕ್ಯೂಇಎಸ್ 0.33, ಕ್ಯೂಟಿಎಸ್ 0.31, ವಿಎಎಸ್ ಅದೇ 80. ದೊಡ್ಡ ಅಯಸ್ಕಾಂತ, ಬೆಲೆಯೂ ಹೆಚ್ಚು ಎಂದಿಟ್ಟುಕೊಳ್ಳಿ. 30 ÷ 0.31 = 97; 0.7ರಿಂದ ಗುಣಿಸಿದರೆ 68 ಹರ್ಟ್ಜ್! 0.707ಕ್ಕೆ ಬೇಕಾದ ಪೆಟ್ಟಿಗೆ ಬರೀ 19 ಲೀಟರ್, ನೋಡಲು ಮುದ್ದಾಗಿರುತ್ತದೆ, ಆದರೆ 68 ಹರ್ಟ್ಜ್‌ನಲ್ಲೇ ಇಳಿಯತೊಡಗುವುದನ್ನು ಸಬ್‌ವೂಫರ್ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಡ್ರೈವರ್ ಕೆಟ್ಟದ್ದಲ್ಲ, ಅದರ ಕಡಿವಾಣ ಮುಚ್ಚಿದ ಪೆಟ್ಟಿಗೆಗೆ ತೀರಾ ಬಿಗಿ.

ಇಬಿಪಿ ಎಂಬ ನಿಯಮದ ಗುಟ್ಟೂ ಇದೇ. ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸು, 50ರ ಹತ್ತಿರ ಬಂದರೆ ಮುಚ್ಚಿದ ಪೆಟ್ಟಿಗೆ, 100ರ ಹತ್ತಿರ ಬಂದರೆ ಪೋರ್ಟ್ ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಕ್ಯೂಎಂಎಸ್ ಸಾಮಾನ್ಯವಾಗಿ ದೊಡ್ಡದಿರುವುದರಿಂದ ಕ್ಯೂಇಎಸ್ ಮತ್ತು ಕ್ಯೂಟಿಎಸ್ ಹತ್ತಿರ ಹತ್ತಿರವೇ ಇರುತ್ತವೆ. ಹಾಗಾಗಿ ಇಬಿಪಿ ಎಂದರೆ ಹೆಚ್ಚುಕಡಿಮೆ ನಮ್ಮ ಅದೇ ಭಾಗಲಬ್ಧ. ನಮ್ಮ ಮೊದಲ ಡ್ರೈವರ್‌ಗೆ 56, ಎರಡನೆಯದಕ್ಕೆ 91.

ಪೋರ್ಟ್

ಕೊಳವೆಯೊಳಗಿನ ಗಾಳಿ ತೂಕವಾಗಿ, ಪೆಟ್ಟಿಗೆಯ ಗಾಳಿ ಸ್ಪ್ರಿಂಗಾಗಿ ಎರಡೂ ಸೇರಿ ಎಫ್‌ಬಿ ಎಂಬ ಆವೃತ್ತಿಯಲ್ಲಿ ಕಂಪಿಸುತ್ತವೆ. ಆ ಆವೃತ್ತಿಯ ಸುತ್ತಮುತ್ತ ಸದ್ದಿನ ಬಹುಪಾಲನ್ನು ಪೋರ್ಟೇ ಹೊರಡಿಸುತ್ತದೆ, ಕೋನ್ ಹೆಚ್ಚು ಅಲುಗುವುದಿಲ್ಲ. ಎರಡನೆಯ ಡ್ರೈವರನ್ನು ಸುಮಾರು 42 ಲೀಟರ್ ಪೆಟ್ಟಿಗೆಯಲ್ಲಿಟ್ಟು 36 ಹರ್ಟ್ಜ್‌ಗೆ ಶ್ರುತಿ ಮಾಡಿದರೆ ಎಫ್ 3 ಬಿಂದು 68 ಹರ್ಟ್ಜ್‌ನಿಂದ 40ರ ಆಸುಪಾಸಿಗೆ ಇಳಿಯುತ್ತದೆ.

ಬೆಲೆ ತೆರುವುದು ಎಫ್‌ಬಿಗಿಂತ ಕೆಳಗೆ. ಮುಚ್ಚಿದ ಪೆಟ್ಟಿಗೆಯ ಮಟ್ಟ ಪ್ರತಿ ಆಕ್ಟೇವ್‌ಗೆ 12 ಡೆಸಿಬಲ್ ಇಳಿದರೆ ಪೋರ್ಟಿನದು 24 ಇಳಿಯುತ್ತದೆ. ಅಲ್ಲಿ ಗಾಳಿ ಪೋರ್ಟಿನಿಂದ ಸುಮ್ಮನೆ ಹೊರಹೋಗುವುದರಿಂದ ಕೋನ್‌ಗೆ ಗಾಳಿಯ ಸ್ಪ್ರಿಂಗಿನ ಆಸರೆಯೂ ತಪ್ಪುತ್ತದೆ. ಕೋನ್ ಎಕ್ಸ್‌ಮ್ಯಾಕ್ಸ್ ಎಂಬ ಅಲುಗಾಟದ ಮಿತಿ ದಾಟಿ ಹಾರಾಡಬಹುದು. ಪೋರ್ಟ್ ಪೆಟ್ಟಿಗೆಗೆ, ತೀರಾ ಕೆಳಗಿನ ಆವೃತ್ತಿಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರುವ ಆಂಪ್ಲಿಫೈಯರ್ ಕೊಳ್ಳಿ ಎನ್ನುವುದು ಇದಕ್ಕೇ.

ಪೋರ್ಟಿನ ಉದ್ದ, ಸೆಂಟಿಮೀಟರ್ ಮತ್ತು ಲೀಟರ್‌ನಲ್ಲಿ:

ಉದ್ದ = 23562.5 × ವ್ಯಾಸದ ವರ್ಗ × ಪೋರ್ಟ್‌ಗಳ ಸಂಖ್ಯೆ ÷ (ಎಫ್‌ಬಿಯ ವರ್ಗ × ವಿಬಿ) − 0.732 × ವ್ಯಾಸ

ಮೇಲಿನ 42 ಲೀಟರ್, 36 ಹರ್ಟ್ಜ್ ಪೆಟ್ಟಿಗೆಯಲ್ಲಿ 10 ಸೆಂಟಿಮೀಟರ್ ವ್ಯಾಸದ ಒಂದು ಪಿವಿಸಿ ಕೊಳವೆಗೆ ಇದು 36 ಸೆಂಟಿಮೀಟರ್ ಕೊಡುತ್ತದೆ. ಗಾಳಿಯ ಬುಸುಗುಟ್ಟುವಿಕೆ ತಗ್ಗಿಸಲು ಅಂಥವೇ ಎರಡು ಕೊಳವೆ ಹಾಕಿದರೆ ಪ್ರತಿಯೊಂದೂ 79 ಸೆಂಟಿಮೀಟರ್ ಉದ್ದವಿರಬೇಕು. ಎರಡು ಹಾಕಿದರೆ ಒಂದೊಂದೂ ಗಿಡ್ಡವಾದರೆ ಸಾಕು ಎಂದು ತೋರುವುದು ಸಹಜ, ಲೆಕ್ಕ ಮಾತ್ರ ತದ್ವಿರುದ್ಧ.

ಬಡಗಿಗೆ ಅಳತೆ ಕೊಡುವಾಗ

ಮೇಲಿನ ಲೀಟರ್‌ಗಳೆಲ್ಲ ಒಳಗಿನ ಖಾಲಿ ಜಾಗದ ಲೆಕ್ಕ. ಹೊರಗೆ 40 ಸೆಂಟಿಮೀಟರ್‌ನ ಘನಾಕಾರದ ಪೆಟ್ಟಿಗೆ ಎಂದರೆ 64 ಲೀಟರ್. 18 ಮಿಲಿಮೀಟರ್ ಎಂಡಿಎಫ್‌ನಲ್ಲಿ ಮಾಡಿದರೆ ಒಳಗಿನ ಅಳತೆ 36.4 ಸೆಂಟಿಮೀಟರ್, ಗಾತ್ರ 48 ಲೀಟರ್. ಕಾಲು ಭಾಗವನ್ನು ಹಲಗೆಯೇ ತಿಂದಿತು. ಡ್ರೈವರ್‌ನ ಹಿಂಬದಿ, ಒಳಗಿನ ಅಡ್ಡಪಟ್ಟಿ, ಪೋರ್ಟಿನ ಕೊಳವೆ ಇವೆಲ್ಲ ಹಿಡಿಯುವ ಜಾಗವನ್ನೂ ಕೂಡಿಸಿಯೇ ಹೇಳಬೇಕು. 36 ಸೆಂಟಿಮೀಟರ್ ಕೊಳವೆಯನ್ನು ಈ ಪೆಟ್ಟಿಗೆಯಲ್ಲಿ ನೇರವಾಗಿ ಕೂರಿಸಿದರೆ ಅದರ ಒಳಬಾಯಿ ಹಿಂದಿನ ಹಲಗೆಗೆ ತಾಗುವಂತಿರುತ್ತದೆ. ಒಂದು ಎಲ್ಬೋ ಹಾಕಿ ತಿರುಗಿಸಬೇಕು, ಇಲ್ಲವೇ ಪೆಟ್ಟಿಗೆಯನ್ನು ಉದ್ದಕ್ಕೆ ಮಾಡಿಸಬೇಕು.

ಎರಡು ವಾಯ್ಸ್ ಕಾಯಿಲ್ ಇರುವ ಡ್ರೈವರ್ ಆದರೆ ಎರಡನ್ನೂ ಜೋಡಿಸಿ. ಸೀರೀಸ್ ಆಗಲಿ, ಪ್ಯಾರಲಲ್ ಆಗಲಿ, ಕ್ಯೂಟಿಎಸ್ ಒಂದೇ ಇರುತ್ತದೆ. ಒಂದನ್ನೇ ಜೋಡಿಸಿ ಇನ್ನೊಂದನ್ನು ಖಾಲಿ ಬಿಟ್ಟರೆ ಕ್ಯೂಇಎಸ್ ಎರಡು ಪಟ್ಟಾಗುತ್ತದೆ. ಆಗ ಪೆಟ್ಟಿಗೆಯ ಲೆಕ್ಕವನ್ನು ಮೊದಲಿನಿಂದ ಮಾಡಬೇಕು.