ನರ್ಸ್ ತೋಳಿಗೆ ಪ್ರತಿ ವರ್ಷ ಸೂಜಿ ಯಾಕೆ?

ಅಮೆರಿಕದ ಸಿಯಾಟಲ್‌ನಲ್ಲಿರುವ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರಲ್ಲಿ ಒಂದು ನಿಯಮ ತಂದಿತು. ಅಲ್ಲಿ ಕೆಲಸದಲ್ಲಿ ಇರಬೇಕೆಂದರೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಲೇಬೇಕು. ಅಲ್ಲಿಯವರೆಗೆ ಸಿಬ್ಬಂದಿಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಮಾತ್ರ ಹಾಕಿಸಿಕೊಳ್ಳುತ್ತಿದ್ದರು. ಮೊದಲ ವರ್ಷವೇ ಅದು ಶೇ. 97 ದಾಟಿತು. ನರ್ಸ್‌ಗಳ ಸಂಘ ಸುಮ್ಮನಿರಲಿಲ್ಲ. ನಮ್ಮ ಜೊತೆ ಮಾತಾಡದೆ ಷರತ್ತು ಹೇರುವ ಹಾಗಿಲ್ಲ ಎಂದು ವಾದಿಸಿ ಗೆದ್ದಿತು. ಬೇಡ ಎಂದ ನರ್ಸ್‌ಗಳು ಫ್ಲೂ ಕಾಲದಲ್ಲಿ ಮಾಸ್ಕ್ ಹಾಕಬೇಕಾಯಿತು, ಅಷ್ಟೇ. ತಮಾಷೆ ಏನೆಂದರೆ, ಗೆದ್ದ ಮೇಲೂ ಅವರಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡೇ ಬಿಟ್ಟರು!

ಬೇಡ ಎನ್ನುವವರು ಎಲ್ಲ ಕಡೆ ಹೇಳುವ ಒಂದು ಮಾತಿದೆ: "ಇಂಜೆಕ್ಷನ್ ತಗೊಂಡೇ ನಂಗೆ ಫ್ಲೂ ಬಂತು." ಇದು ಆಗದ ಮಾತು. ಚುಚ್ಚುವ ಲಸಿಕೆಯಲ್ಲಿ ಇರುವುದು ಸತ್ತ ವೈರಸ್ ಅಥವಾ ಅದರ ಚೂರುಗಳು. ತೋಳು ನೋಯಬಹುದು, ಒಂದೆರಡು ದಿನ ಮೈ ಬಿಸಿಯಾಗಬಹುದು. ರಕ್ಷಣೆ ಬರಲು ಮಾತ್ರ ಸುಮಾರು ಎರಡು ವಾರ ಬೇಕು. ಆ ನಡುವೆ ಬೇರೆ ನೆಗಡಿ ಬಂದರೂ ಬೈಗುಳ ಸೂಜಿಗೇ.

"ಹೋದ ವರ್ಷ ತಗೊಂಡಿದ್ದೆ, ಮತ್ತೆ ಯಾಕೆ?" ಎನ್ನುವುದು ಮಾತ್ರ ಒಳ್ಳೆ ಪ್ರಶ್ನೆ. ಫ್ಲೂ ವೈರಸ್ಸಿನ ಇಡೀ ಬರಹ, ಅಂದರೆ ಅದನ್ನು ಕಟ್ಟುವ ಸೂಚನೆ, ಆರ್‌ಎನ್‌ಎ ಎಂಬ ರಾಸಾಯನಿಕದ ಎಂಟು ತುಂಡುಗಳಲ್ಲಿದೆ, ಒಟ್ಟು 13 ಸಾವಿರಕ್ಕೂ ಜಾಸ್ತಿ ಅಕ್ಷರ. ನಮ್ಮ ಜೀವಕೋಶದೊಳಗೆ ಕೂತು ಅದು ತನ್ನನ್ನು ನಕಲು ಮಾಡಿಕೊಳ್ಳುತ್ತದೆ. ಪರೀಕ್ಷೆ ಹಿಂದಿನ ರಾತ್ರಿ ಗೆಳೆಯನ ನೋಟ್ಸ್ ಗೀಚಿಕೊಳ್ಳುವ ಹುಡುಗನ ಹಾಗೆ, ಬರೆದದ್ದನ್ನು ತಿರುಗಿ ನೋಡುವ ಅಭ್ಯಾಸವೇ ಇಲ್ಲ. ತಪ್ಪುಗಳಲ್ಲಿ ಹೆಚ್ಚಿನವು ವೈರಸ್ಸನ್ನೇ ಕೆಡಿಸುತ್ತವೆ. ಆದರೆ ಅದರ ಹೊರಮೈಯಲ್ಲಿ ಹಿಮಾಗ್ಲುಟಿನಿನ್ ಎಂಬ ಪ್ರೋಟೀನ್ ಇದೆ. ನಮ್ಮ ಪ್ರತಿಕಾಯಗಳು (ರೋಗಾಣುವಿಗೆ ಅಂಟಿ ಅದನ್ನು ತಡೆಯಲು ಮೈ ತಯಾರಿಸುವ ಪ್ರೋಟೀನ್‌ಗಳು) ಹಿಡಿಯುವುದು ಮುಖ್ಯವಾಗಿ ಅದರ ತುದಿಯನ್ನು. ಅಲ್ಲಿ ಒಂದಕ್ಷರ ತಪ್ಪಿದರೆ ಹಿಡಿತ ಸಡಿಲ. ಹಿಡಿತಕ್ಕೆ ಸಿಕ್ಕವು ಸಾಯುತ್ತವೆ, ಜಾರಿದವು ಉಳಿದು ಬೆಳೆಯುತ್ತವೆ. 1947ರಲ್ಲಿ ಹೀಗೇ ಆಗಿ, ಅಷ್ಟರವರೆಗೆ ಚೆನ್ನಾಗಿ ಕೆಲಸ ಮಾಡಿದ್ದ ಲಸಿಕೆ ಕೈಕೊಟ್ಟಿತು. ಅದಕ್ಕೇ ಈಗ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ, ಲಸಿಕೆಗೆ ವೈರಸ್ಸಿನ ಯಾವ ತಳಿಗಳನ್ನು ಸೇರಿಸಬೇಕೆಂದು ಹೇಳುತ್ತದೆ. ತಿಂಗಳುಗಟ್ಟಲೆ ಮುಂಚೆ ಮಾಡುವ ಊಹೆ ಇದು. ಊಹೆ ಸರಿಯಾದ ವರ್ಷವೂ ಡಾಕ್ಟರ ಬಳಿ ಹೋಗಬೇಕಾಗುವಂಥ ಫ್ಲೂ ಶೇ. 40ರಿಂದ 60ರಷ್ಟು ಕಡಿಮೆಯಾಗುತ್ತದೆ, ಪೂರ್ತಿ ಅಲ್ಲ.

ಸರಿ, ರೋಗಿಗೇ ಲಸಿಕೆ ಕೊಟ್ಟರೆ ಆಯಿತಲ್ವಾ? ಕೊಡಬೇಕು. ಆದರೆ ವಯಸ್ಸಾದವರ ಮೈ, ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿರುವವರ ಮೈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇನ್ನೊಂದು ಕಡೆ, ಫ್ಲೂ ತಗುಲಿದವರು ಲಕ್ಷಣ ಕಾಣುವ ಮುಂಚಿನ ದಿನವೇ ವೈರಸ್ ಹರಡಬಲ್ಲರು. ಹಾಗಾಗಿ ಹಾಸಿಗೆಯಿಂದ ಹಾಸಿಗೆಗೆ ಹೋಗುವ ನರ್ಸ್‌ಗೆ ಸೂಜಿ ಚುಚ್ಚಿದರೆ ರೋಗಿಗೂ ರಕ್ಷಣೆ ಎನ್ನುವುದು ಕಡ್ಡಾಯದ ಹಿಂದಿನ ತರ್ಕ.

ತರ್ಕ ಚೆನ್ನಾಗಿದೆ. ಪುರಾವೆ ಅಷ್ಟು ಗಟ್ಟಿಯಿಲ್ಲ. ಸ್ಕಾಟ್ಲೆಂಡ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ 20 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದ ಫಲ 2000ರಲ್ಲಿ ಪ್ರಕಟವಾಯಿತು. ಸಿಬ್ಬಂದಿಗೆ ಲಸಿಕೆ ಕೊಡಲು ಮುಂದಾದ ಕಡೆ ರೋಗಿಗಳ ಸಾವು ಶೇ. 13.6, ಉಳಿದ ಕಡೆ ಶೇ. 22.4. ಭಾರಿ ವ್ಯತ್ಯಾಸ! ಆದರೆ ರೋಗಿಗಳ ಮೂಗಿನ ದ್ರವ ಪರೀಕ್ಷಿಸಿದಾಗ ಎರಡೂ ಕಡೆ ಫ್ಲೂ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ. ಫ್ಲೂ ಕಮ್ಮಿಯಾಗದೆ ಸಾವು ಹೇಗೆ ಕಮ್ಮಿಯಾಯಿತು? ಇಂಥ ಪ್ರಯೋಗಗಳ ಲೆಕ್ಕವೇ ಕೂಡುವುದಿಲ್ಲ ಎಂದು 2017ರಲ್ಲಿ ಕೆನಡಾದ ಸಂಶೋಧಕರಿದ್ದ ತಂಡ ತೋರಿಸಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2015 ಮತ್ತು 2018ರಲ್ಲಿ, ಆಸ್ಪತ್ರೆ ಮತ್ತು ನರ್ಸ್ ಸಂಘದ ಜಗಳ ಬಗೆಹರಿಸುವ ಮಧ್ಯಸ್ಥಗಾರರು "ಲಸಿಕೆ ಇಲ್ಲವೇ ಮಾಸ್ಕ್" ನಿಯಮವನ್ನು ಹೊಡೆದುಹಾಕಿದರು. ಅಲ್ಲಿನದೇ ಇನ್ನೊಂದು ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ 2012ರಲ್ಲಿ ತಂದ ಇಂಥದೇ ನಿಯಮವನ್ನು 2019ರಲ್ಲಿ ಕೈಬಿಟ್ಟಿತು.

ಇದನ್ನು ಹಿಡಿದು "ನೋಡಿ, ಲಸಿಕೆ ಕೆಲಸಕ್ಕೆ ಬಾರದ್ದು" ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಪ್ರಶ್ನೆ ಇದ್ದದ್ದು ನರ್ಸ್‌ಗಳ ಮೇಲೆ ಕಡ್ಡಾಯ ಹೇರುವಷ್ಟು ಪುರಾವೆ ಇದೆಯೇ ಎಂಬುದು. ನರ್ಸ್‌ನ ಸ್ವಂತ ಮೈಗೆ ಅದು ಲಾಭವೇ. ನನ್ನ ಪ್ರಕಾರ, ದಂಡ ಹಿಡಿಯುವ ಮುಂಚೆ ಆಸ್ಪತ್ರೆಗಳು ರಾತ್ರಿ ಪಾಳಿಯವರಿಗೂ ವಾರ್ಡಿನಲ್ಲೇ ಬಿಟ್ಟಿ ಲಸಿಕೆ ಕೊಡಲಿ. ಜ್ವರ ಬಂದ ನರ್ಸ್‌ಗೆ ಸಂಬಳ ಕಡಿಯದೆ ರಜೆಯನ್ನೂ ಕೊಡಲಿ. ಈಗ ಎಷ್ಟೋ ಜನ ಮಾತ್ರೆ ನುಂಗಿ ಡ್ಯೂಟಿಗೆ ಬರುತ್ತಾರೆ.