ಬಂಕ್‌ನಲ್ಲಿ ಪಿನ್ ಕೂಗಿ ಹೇಳಬೇಡಿ

ಮಳೆಗಾಲದಲ್ಲಿ ಕೊಡಗಿನ ಯಾವ ಪೆಟ್ರೋಲ್ ಬಂಕ್‌ಗೆ ಹೋದರೂ ಇದು ಕಣ್ಣಿಗೆ ಬೀಳುತ್ತದೆ. ಜೀಪಿನ ಗ್ಲಾಸ್ ಎರಡು ಇಂಚು ಇಳಿಯುತ್ತದೆ. ಆ ಸಂದಿಯಿಂದ ಎಟಿಎಂ ಕಾರ್ಡ್ ಹೊರಗೆ ಬರುತ್ತದೆ. ಡೀಸೆಲ್ ಹಾಕಿದ ಹುಡುಗ ಅದನ್ನು ಹಿಡಿದು, ಕಾರ್ಡ್ ಮೆಷಿನ್‌ಗೆ ನೆಟ್‌ವರ್ಕ್ ಸಿಗುವ ಆಫೀಸ್ ಬಾಗಿಲಿಗೆ ಓಡುತ್ತಾನೆ. ಅಲ್ಲಿಂದಲೇ ‘ಸಾರ್, ಪಿನ್?’ ಎನ್ನುತ್ತಾನೆ. ಮಳೆ ಸದ್ದಲ್ಲಿ ಕೇಳಿಸಲ್ಲ ಅಂತ ಒಳಗಿದ್ದವರು ನಾಲ್ಕು ಅಂಕಿಯನ್ನೂ ಕೂಗಿ ಹೇಳುತ್ತಾರೆ. ಹಿಂದೆ ನಿಂತ ಬೈಕಿನವರಿಗೂ ಸ್ಪಷ್ಟವಾಗಿ ಕೇಳಿಸುತ್ತದೆ.

ಬ್ಯಾಂಕಿನಲ್ಲಿ ಕಾರ್ಡ್ ದೂರುಗಳನ್ನು ನೋಡುವುದು ನನ್ನ ಕೆಲಸ. ಈ ಒಂದು ವಿಷಯ ಹೇಳಿ ಹೇಳಿ ಸಾಕಾಗಿದೆ. ‘ಆ ಹುಡುಗ ನಮಗೆ ಗೊತ್ತಿರುವವನೇ ಅಲ್ವಾ’ ಎನ್ನುತ್ತಾರೆ. ಇರಲಿ, ಒಳ್ಳೆಯವನೇ ಇರಲಿ. ಅವನನ್ನು ನಂಬಬೇಡಿ ಅಂತ ನಾನು ಹೇಳುತ್ತಲೇ ಇಲ್ಲ.

ಇನ್ನು ಕೆಲವರು ‘ಈಗ ಚಿಪ್ ಕಾರ್ಡ್ ಬಂದಿದೆಯಲ್ಲ, ಏನೂ ಆಗಲ್ಲ’ ಎನ್ನುತ್ತಾರೆ. ಅರ್ಧ ಸರಿ. ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಬದಲಾಗುವುದಿಲ್ಲ. ಅದನ್ನು ಯಾರಾದರೂ ಕದ್ದು ಓದಿಕೊಂಡರೆ ನಕಲಿ ಕಾರ್ಡ್ ಮಾಡಬಹುದು. ಚಿಪ್ ಹಾಗಲ್ಲ. ಪ್ರತಿ ಸಲವೂ ಹೊಸ ಗುಪ್ತ ಸಂಕೇತ ಕೊಡುತ್ತದೆ, ಹಳೆಯದನ್ನು ಕದ್ದು ಪ್ರಯೋಜನವಿಲ್ಲ. ಅದಕ್ಕೇ ಬರೀ ಪಟ್ಟಿ ಇದ್ದ ಕಾರ್ಡುಗಳನ್ನು 2018ರ ಕೊನೆಯೊಳಗೆ ಬದಲಿಸಿ ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು. ಆದರೆ ಕಾರ್ಡೇ ಬೇರೆಯವರ ಕೈಗೆ ಸಿಕ್ಕಿ, ಪಿನ್ನೂ ಗೊತ್ತಿದ್ದರೆ? ಆಗ ಚಿಪ್ ಏನೂ ಮಾಡಲಾರದು. ಮೆಷಿನ್‌ಗೆ ಅದು ನೀವೇ.

ದಯವಿಟ್ಟು ಇದನ್ನು ನಿಧಾನವಾಗಿ ಓದಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಕು, ನಷ್ಟ ನಿಮ್ಮದಲ್ಲ. ಆದರೆ ಪಿನ್ ನೀವೇ ಹೇಳಿಕೊಟ್ಟಿದ್ದರಿಂದ ಹಣ ಹೋಗಿದ್ದರೆ ಅದು ನಿಮ್ಮ ಅಜಾಗರೂಕತೆ ಎಂದಾಗುತ್ತದೆ. ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದೆಲ್ಲ ನಿಮ್ಮದೇ ನಷ್ಟ. ತಿಳಿಸಿದ ಮೇಲೆ ಹೋದದ್ದು ಮಾತ್ರ ಬ್ಯಾಂಕಿನದು. ಒಂದೊಂದು ಪ್ರಕರಣ ಒಂದೊಂದು ಥರ ಇರುತ್ತದೆ, ನಿಯಮಗಳೂ ಆಗಾಗ ಬದಲಾಗುತ್ತವೆ, ಹಾಗಾಗಿ ನಿಮ್ಮ ಬ್ಯಾಂಕಿನಲ್ಲಿ ಒಮ್ಮೆ ಕೇಳಿಕೊಳ್ಳಿ. ಆದರೂ ‘ಪಿನ್ ನಾನೇ ಹೇಳಿದ್ದೆ’ ಎಂದು ದೂರಿನಲ್ಲಿ ಬರೆದವರ ಪರವಾಗಿ ವಾದಿಸುವುದು ನಮಗೆ ಬಹಳ ಕಷ್ಟ.

ವಿರಾಜಪೇಟೆ ಕಡೆಯ ತೋಟದ ಹಿರಿಯರೊಬ್ಬರು, ಮಿಲಿಟರಿಯಲ್ಲಿದ್ದು ನಿವೃತ್ತರಾದವರು, ಹೀಗೇ ಪಿನ್ ಕೂಗಿ ಹೇಳಿ, ಮಳೆಯ ಅವಸರದಲ್ಲಿ ಕಾರ್ಡನ್ನು ಬಂಕ್‌ನಲ್ಲೇ ಮರೆತು ಹೋದರು. ಗೊತ್ತಾಗಿದ್ದು ಸಂಜೆ. ಅಷ್ಟರಲ್ಲಿ ಬೇರೆ ಊರಿನ ಅಂಗಡಿಗಳಲ್ಲಿ ಪಿನ್ ಒತ್ತಿ ಖರೀದಿ ಆಗಿತ್ತು. ಅವರು ನೇರ ಬೊಟ್ಟು ಮಾಡಿದ್ದು ಬಂಕ್ ಹುಡುಗನ ಕಡೆಗೆ. ಅವನು ಬಾಗಿಲ ಪಕ್ಕದ ಮೇಜಿನ ಮೇಲೆ ಕಾರ್ಡ್ ಇಟ್ಟು ಮುಂದಿನ ಗಾಡಿಗೆ ಹೋಗಿದ್ದನಂತೆ. ‘ನಾನು ತೆಗೆದಿಲ್ಲ ಸಾರ್’ ಎನ್ನುವುದು ಬಿಟ್ಟರೆ ಅವನ ಹತ್ತಿರ ಬೇರೆ ಮಾತಿರಲಿಲ್ಲ. ಆ ಪಿನ್ ಕೇಳಿಸಿಕೊಂಡವರು ಎಷ್ಟು ಜನ ಅಂತ ಹೇಳುವುದು ಹೇಗೆ? ಅವನು ತಪ್ಪಿತಸ್ಥ ಎಂದು ಯಾರೂ ತೋರಿಸಲಿಲ್ಲ, ಅಲ್ಲ ಎಂದೂ ತೋರಿಸಲಾಗಲಿಲ್ಲ. ಕೆಲಸ ಬಿಟ್ಟು ಹೋದ. ನನಗೆ ಇವತ್ತಿಗೂ ಅವನ ಬಗ್ಗೆಯೇ ಜಾಸ್ತಿ ಬೇಜಾರು. ನೀವು ಪಿನ್ ಹೇಳಿದಾಗ ಅಂಥ ಹುಡುಗನ ತಲೆ ಮೇಲೂ ಒಂದು ಅನುಮಾನ ಹೊರಿಸುತ್ತೀರಿ.

ಇಳಿದು ಹೋಗಿ, ಕೊಡೆ ಹಿಡಿದು ಹೋಗಿ. ಇಲ್ಲವೇ ಮೆಷಿನ್ ಇಲ್ಲಿಗೇ ತಾ ಅನ್ನಿ. ಬಿಲ್ 5,000 ರೂಪಾಯಿ ಒಳಗಿದ್ದು, ನಿಮ್ಮ ಕಾರ್ಡಿನಲ್ಲಿ ವೈಫೈ ಥರದ ಗುರುತಿದ್ದರೆ, ಕಾರ್ಡನ್ನು ಕೈಯಲ್ಲೇ ಹಿಡಿದು ಮೆಷಿನ್‌ಗೆ ತಾಗಿಸಿದರೂ ಸಾಕು. ಸಾಮಾನ್ಯವಾಗಿ ಪಿನ್ ಕೇಳುವುದೇ ಇಲ್ಲ. ಕಾಫಿ ಹೂ ಅರಳಿಸುವ ಮಳೆ ಕೈಕೊಟ್ಟು, ತೋಟಕ್ಕೆ ನೀರು ಹಾಯಿಸುವ ಸ್ಪ್ರಿಂಕ್ಲರ್‌ಗೆ ಬ್ಯಾರೆಲ್‌ಗಟ್ಟಲೆ ಡೀಸೆಲ್ ಬೇಕಾದಾಗ ಬಿಲ್ ದೊಡ್ಡದು. ಆಗ ಪಿನ್ ಬೇಕೇ ಬೇಕು, ನೀವೇ ಒತ್ತಿ, ಇನ್ನೊಂದು ಕೈ ಅಡ್ಡ ಇಟ್ಟುಕೊಂಡು. ತೋಟದ ಲೆಕ್ಕ ನೋಡುವ ರೈಟರ್ ಕೈಗೆ ಕಾರ್ಡ್ ಕೊಟ್ಟು, ಪಿನ್ ಚೀಟಿಯಲ್ಲಿ ಬರೆದು ಕಳಿಸುವ ಮಾಲೀಕರೇ, ಈ ಮಾತು ನಿಮಗೂ.

ಬಂಕ್ ನಡೆಸುವವರಿಗೂ ಒಂದು ಮಾತು. ಕಾರ್ಡ್ ನಂಬರನ್ನಾಗಲಿ, ಹಿಂದಿನ ಮೂರು ಅಂಕಿಯನ್ನಾಗಲಿ ಪುಸ್ತಕದಲ್ಲಿ ಬರೆಯಬೇಡಿ, ವಾಟ್ಸಾಪ್‌ನಲ್ಲಿ ಫೋಟೋ ತರಿಸಿಕೊಳ್ಳಬೇಡಿ. ಕೆಲವು ವಿದೇಶಿ ವೆಬ್‌ಸೈಟ್‌ಗಳಲ್ಲಿ ಅಷ್ಟು ಸಿಕ್ಕರೆ ಒಟಿಪಿ ಇಲ್ಲದೆಯೂ ಹಣ ಹೋಗಬಹುದು. ‘ಮೆಷಿನ್ ರಿಪೇರಿಗೆ ಬಂದಿದ್ದೇವೆ’ ಎಂದು ಯಾರಾದರೂ ಬಂದರೆ, ಬ್ಯಾಂಕಿಗೆ ಫೋನ್ ಮಾಡಿ ಕೇಳದೆ ಮುಟ್ಟಲು ಬಿಡಬೇಡಿ.

ಈಗಾಗಲೇ ಪಿನ್ ಹೇಳಿಬಿಟ್ಟಿದ್ದೀರಾ? ಇವತ್ತೇ ಬದಲಿಸಿ. ನಿಮ್ಮ ಬ್ಯಾಂಕಿನ ಎಟಿಎಂನಲ್ಲೇ ಆಗುತ್ತದೆ, ಬ್ರಾಂಚಿಗೆ ಬರಬೇಕಿಲ್ಲ. ಹಣ ಹೋಗಿದ್ದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಳೆ ನಿಲ್ಲಲಿ, ನಾಳೆ ನೋಡೋಣ ಅಂತ ಕಾಯಬೇಡಿ.