ಖಾಕಿ ಹಾಕಿದ ಸ್ವಯಂಸೇವಕರು

ಗಣಪತಿ ಕಳಿಸುವ ದಿನ ಹುಬ್ಬಳ್ಳಿಯ ದುರ್ಗದಬೈಲಿನ ಗದ್ದಲದಲ್ಲಿ ಹಗ್ಗ ಹಿಡಿದು ನಿಂತ ಖಾಕಿಯವರನ್ನು ಪೊಲೀಸರೆಂದೇ ತಿಳಿಯುತ್ತೇವೆ. ಅವರಲ್ಲಿ ಹೋಂಗಾರ್ಡ್‌ಗಳೂ ಇರುತ್ತಾರೆ. ಕಾಗದದ ಮೇಲೆ ಅವರು ನೌಕರರಲ್ಲ, ಸ್ವಯಂಸೇವಕರು. ಸಂಬಳವಿಲ್ಲ, ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ.

ಹುಡುಗರಿಗೆ ಕವಾಯತು ಕಲಿಸಿ ಜನಸೇವೆಗೆ ಹಚ್ಚುವುದು ಹುಬ್ಬಳ್ಳಿಗೆ ಹಳೇ ರೂಢಿ. ಡಾ. ನಾ. ಸು. ಹರ್ಡೀಕರ್ ಅಮೆರಿಕದಲ್ಲಿ ಓದಿ ಬಂದ ಡಾಕ್ಟರು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹೋದ ಅವರ ಹುಬ್ಬಳ್ಳಿಯ ಗುಂಪು ಜೈಲಿನಲ್ಲಿ ಕ್ಷಮೆ ಬರೆದುಕೊಡಲಿಲ್ಲ. ಆ ಗಟ್ಟಿತನ ಕಾಂಗ್ರೆಸ್ಸಿನ ಕಣ್ಣಿಗೆ ಬಿತ್ತು. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಸೇವಾದಳ ರೂಪುಗೊಂಡಿತು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಜನಜಂಗುಳಿ ಸಂಭಾಳಿಸಿದ್ದೂ ಸ್ವಯಂಸೇವಕರೇ. 1932ರಲ್ಲಿ ಬ್ರಿಟಿಷರು ಸೇವಾದಳವನ್ನು ನಿಷೇಧಿಸಿದರು. ಶಿಸ್ತು ಕಲಿತ ಹುಡುಗರೆಂದರೆ ಯಾವ ಸರ್ಕಾರಕ್ಕೂ ಸ್ವಲ್ಪ ಅಂಜಿಕೆಯೇ, ಅಲ್ವಾ?

ಆಮೇಲೆ ಸರ್ಕಾರವೇ ಇಂಥ ದಳ ಕಟ್ಟಿತು. 1946ರ ಕೋಮುಗಲಭೆಗಳ ಹೊತ್ತಿನಲ್ಲಿ ಮುಂಬೈ ಪ್ರಾಂತ ಹೋಂಗಾರ್ಡ್ ಶುರು ಮಾಡಿ, 1947ರಲ್ಲಿ ಕಾನೂನು ತಂದಿತು. ಆಗ ಧಾರವಾಡ ಜಿಲ್ಲೆ ಮುಂಬೈಗೇ ಸೇರಿತ್ತು. ಗದಗ, ಹಾವೇರಿ ಈ ಜಿಲ್ಲೆಯೊಳಗೇ ಇದ್ದವು. 1962ರಲ್ಲಿ ಚೀನಾ ಯುದ್ಧದ ವರ್ಷವೇ ಮೈಸೂರು ರಾಜ್ಯದ ಹೋಂಗಾರ್ಡ್ ಕಾನೂನೂ ಬಂತು. 1968ರ ನಾಗರಿಕ ರಕ್ಷಣಾ ಕಾಯ್ದೆಯ ಹಿಂದೆಯೂ ಯುದ್ಧದ ಭಯವೇ. ಸೈರನ್ನು, ದೀಪ ಆರಿಸುವುದು, ವಿಮಾನ ದಾಳಿ. ಆ ಕಾಯ್ದೆಯೊಳಗೆ ವಿಪತ್ತು ನಿರ್ವಹಣೆ ಸೇರಿದ್ದು 2009ರ ತಿದ್ದುಪಡಿಯಲ್ಲಿ.

ನಮ್ಮ ಕಡೆ ಬಾಂಬು ಬೀಳಲಿಲ್ಲ, ನೀರು ಬಂತು. ಬೆಣ್ಣಿಹಳ್ಳ ಬೇಸಿಗೆಯಲ್ಲಿ ನೋಡಿದರೆ ಸುಮ್ನೆ ಒಂದು ಹಳ್ಳ. ಮಳೆಗೆ ತುಂಬಿತೆಂದರೆ ಹೊಲ, ದಾರಿ ಒಂದೂ ಬಿಡದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಲಖಮಾಪುರ, ಕೊಣ್ಣೂರಿನ ಜನ ಮನೆ ಬಿಡಬೇಕಾಯಿತು. ಅದೇ ವರ್ಷದ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್ ಬಂದು ದಿನಗಟ್ಟಲೆ ಕಾಂಕ್ರೀಟ್ ಕೊರೆದು, ಮೂರು ದಿನದ ಮೇಲೂ ಜನರನ್ನು ಜೀವಂತ ಹೊರತೆಗೆಯಿತು. ಆದರೆ ಇಂಥ ಕಡೆ ಮೊದಲ ಅರ್ಧ ಗಂಟೆ ಅಕ್ಕಪಕ್ಕದವರದೇ.

ಅವರಿಗಾಗಿ 2016ರಲ್ಲಿ ‘ಆಪದಾ ಮಿತ್ರ’ ಯೋಜನೆ ಬಂತು. 12 ದಿನದ ತರಬೇತಿ, ಜೊತೆಗೆ ಲೈಫ್ ಜಾಕೆಟ್, ಟಾರ್ಚ್, ಪ್ರಥಮ ಚಿಕಿತ್ಸೆಯ ಸಾಮಾನು. ಅಪಘಾತದಲ್ಲಿ ನೆರವಾದವರನ್ನು ಪೊಲೀಸರು ಕಾಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ವರ್ಷ.

ಭತ್ಯೆಯ ಮಾತು ಮಾತ್ರ ಹಾಗೇ ಎಳೆದಾಡುತ್ತಿದೆ. ಪೊಲೀಸ್ ಕಾನ್ಸ್‌ಟೇಬಲ್‌ನ ಕನಿಷ್ಠ ಸಂಬಳದ ಲೆಕ್ಕಕ್ಕೆ ಹೋಂಗಾರ್ಡ್ ಭತ್ಯೆ ಹೊಂದಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ ಅದು ಸೇವೆಯೋ, ಕೂಲಿಯೋ ಎಂದು ಮೂಗು ಮುರಿಯುವವರಿದ್ದಾರೆ. ಒಂದಿಡೀ ದಿನ ಅಂಗಡಿ ಮುಚ್ಚಿ ಬಿಸಿಲಲ್ಲಿ ಹಗ್ಗ ಹಿಡಿದು ನಿಂತವನ ಮನೆಯಲ್ಲೂ ಸಂಜೆ ಒಲೆ ಹೊತ್ತಬೇಕಲ್ಲ!